ಓಕುಳಿ ತಟ್ಟೆಯ ಮೇಲೆ ಮ್ಯಾಕ್ರೋ ಲೆನ್ಸ್

ದ್ರವ ಮತ್ತು ಬಣ್ಣಗಳ ಮ್ಯಾಕ್ರೋ ಫೋಟೊಗಳಿಗೆ ಸ್ಟುಡಿಯೊ ಬೇಕಿಲ್ಲ. ಮೈಸೂರಿನ ಕೆಸರೆಯ ನಮ್ಮ ಮನೆಯಲ್ಲಿ ನನಗಿರುವುದು ಅಡುಗೆಮನೆಯ ಕಟ್ಟೆ, ಬೆಳಗಿನ ಬಿಸಿಲು ಬೀಳುವ ಕಿಟಕಿ, ದೇವರ ಗೂಡಿನ ಡಬ್ಬಿಗಳು. ಈ ಕೆಲಸದಲ್ಲಿ ಕ್ಯಾಮೆರಾಕ್ಕಿಂತ ಮೊದಲು ದ್ರವದ ಸ್ವಭಾವ ತಿಳಿಯಬೇಕು. ಅದು ಯಾವಾಗ ಹರಡುತ್ತದೆ, ಯಾವಾಗ ಉಂಡೆಯಾಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗೊತ್ತಿದ್ದರೆ ಯಾವ ಕ್ಷಣಕ್ಕೆ ಕಾಯಬೇಕೆಂಬುದೂ ಗೊತ್ತಾಗುತ್ತದೆ.

1. ಓಕುಳಿಯಿಂದ ಶುರು ಮಾಡಿ

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ತಟ್ಟೆ ಕಂಡವರಿಗೆಲ್ಲ ಗೊತ್ತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದೊಡನೆ ಬಣ್ಣ ಬದಲಿಸುತ್ತದೆ. ಪೂರ್ತಿ ಕಲಸಿದ ಓಕುಳಿಯ ಫೋಟೊದಲ್ಲಿ ಏನೂ ಇರುವುದಿಲ್ಲ, ಬರೀ ಕೆಂಪು. ನೋಡಬೇಕಾದದ್ದು ಅದು ಕೆಂಪಾಗುತ್ತಿರುವ ಅಂಚನ್ನು. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಅರಿಶಿನದ ನೀರನ್ನು ತೆಳ್ಳಗೆ ಹರಡಿ, ಸುಣ್ಣದ ತಿಳಿನೀರನ್ನು ಕಡ್ಡಿಯ ತುದಿಯಿಂದ ಒಂದೇ ಹನಿ ಬಿಡಿ. ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಹಳದಿ ಮತ್ತು ಕೆಂಪಿನ ನಡುವೆ ಕಿತ್ತಳೆಯ ಎಳೆಗಳು ಬೇರಿನಂತೆ ಇಳಿಯುತ್ತವೆ. ಪಕ್ಕದಲ್ಲೇ ನಿಂಬೆರಸದ ಹನಿ ಬಿಟ್ಟರೆ ಆ ಜಾಗ ಮತ್ತೆ ಹಳದಿಗೆ ತಿರುಗುತ್ತದೆ. ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಹನಿಗಳ ಅಂತರ ನೋಡಿಕೊಳ್ಳಿ. ಮ್ಯಾಕ್ರೋ ಎಂದರೆ ಮುಖ ತಟ್ಟೆಯ ಹತ್ತಿರವೇ ಇರುತ್ತದೆ, ಸುಣ್ಣ ಕಣ್ಣಿಗೆ ಬಹಳ ಕೆಟ್ಟದ್ದು. ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

2. ಎಣ್ಣೆ ಮತ್ತು ನೀರಿಗೆ ಎತ್ತರ ಕೊಡಿ

ಗಾಜಿನ ಬೋಗುಣಿಯನ್ನು ಎರಡು ಡಬ್ಬಿಗಳ ಮೇಲಿಟ್ಟು, ಒಂದಡಿ ಕೆಳಗೆ ಬಣ್ಣದ ಬಟ್ಟೆ ಹಾಸಿ. ಎರಡು ಬಣ್ಣ ಹೊಳೆಯುವ ರೇಷ್ಮೆ ರವಿಕೆ ಕಣ ಇದ್ದರೆ ಇನ್ನೂ ಚೆನ್ನ. ನೀರಿನ ಮೇಲೆ ತೇಲುವ ಪ್ರತಿ ಎಣ್ಣೆ ಹನಿಯೂ ಒಂದು ಪುಟ್ಟ ಲೆನ್ಸ್; ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.47, ನೀರಿನದು 1.33. ಹಾಗಾಗಿ ಕೆಳಗಿನ ಬಣ್ಣ ಹನಿಯ ಅಂಚಿನಲ್ಲಿ ಬಾಗಿ ಬಳೆಯಾಗುತ್ತದೆ. ಬಟ್ಟೆ ತೀರಾ ಹತ್ತಿರವಿದ್ದರೆ ಅದರ ನೇಯ್ಗೆ ಕಂಡು ಮಾಯೆ ಮುರಿಯುತ್ತದೆ.

ನೀರನ್ನು ಮೊದಲು ಕುದಿಸಿ ಆರಿಸಿ. ಕರಗಿದ ಗಾಳಿ ಹೋಗಿ ತಳದಲ್ಲಿ ಗುಳ್ಳೆ ಕೂರುವುದು ತಪ್ಪುತ್ತದೆ. ದೊಡ್ಡ ಎಣ್ಣೆ ಮಚ್ಚೆಗಳನ್ನು ಒಡೆಯಲು ಪಾತ್ರೆ ತೊಳೆಯುವ ಲಿಕ್ವಿಡ್‌ ಕಡ್ಡಿಯ ತುದಿಯಷ್ಟು ಸಾಕು. ಸೆನ್ಸರ್ ಮತ್ತು ನೀರಿನ ಮೇಲ್ಮೈ ಸಮಾನಾಂತರವಾಗಿರಲಿ. ನಿಜ ಗಾತ್ರದ ಚಿತ್ರದಲ್ಲಿ ಫೋಕಸ್ ಸಿಗುವ ದಪ್ಪ ಎಫ್/8ರಲ್ಲೂ ಸುಮಾರು ಒಂದು ಮಿಲಿಮೀಟರ್ ಮಾತ್ರ. ರಸ್ತೆಯಲ್ಲಿ ಲಾರಿ ಹೋದರೆ ನೀರು ನಡುಗುತ್ತದೆ. ನಮ್ಮ ಕಡೆ ಬೆಳಗಿನ ಜಾವವೇ ಇದಕ್ಕೆ ಹೊತ್ತು.

3. ಡಿಸೆಂಬರ್, ಜನವರಿಯಲ್ಲಿ ಕೊಬ್ಬರಿ ಎಣ್ಣೆ

ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗತೊಡಗುತ್ತದೆ. ಮೈಸೂರಿನ ಚಳಿಗಾಲದ ಬೆಳಗಿಗೆ ಅಷ್ಟು ಸಾಕು. ಗಾಜಿನ ಮೇಲೆ ತೆಳುವಾಗಿ ಸವರಿ, ಹಿಂದಿನಿಂದ ಬೆಳಕು ಕೊಟ್ಟು, ಹರಳು ಕಟ್ಟುವುದನ್ನು ನೋಡುತ್ತಾ ಕೂರಿ.

4. ಹಾಲಿನ ಪ್ಯಾಕೆಟ್ ಓದಿ

ಹಾಲಿನಲ್ಲಿ ಬಣ್ಣದ ಹನಿಗಳನ್ನು ಬಿಟ್ಟು ನಡುವೆ ಸೋಪು ಮುಟ್ಟಿಸಿದರೆ ಬಣ್ಣಗಳು ಓಡುತ್ತವೆ. ಸೋಪು ಮೇಲ್ಮೈ ಸೆಳೆತವನ್ನು ತಗ್ಗಿಸುತ್ತದೆ, ಜೊತೆಗೆ ಕೊಬ್ಬಿನ ಕಣಗಳನ್ನು ಹಿಡಿಯಲು ಹೋಗಿ ಸುಳಿ ಎಬ್ಬಿಸುತ್ತದೆ. ಕೊಬ್ಬು ಬದಲಾದರೆ ಸುಳಿಯೂ ಬದಲಾಗುತ್ತದೆ. ನಂದಿನಿಯ ನೀಲಿ ಪ್ಯಾಕೆಟ್‌ನಲ್ಲಿ ಶೇ. 3 ಕೊಬ್ಬು, ಸಮೃದ್ಧಿಯಲ್ಲಿ ಶೇ. 6. ಎರಡನ್ನೂ ಅಕ್ಕಪಕ್ಕದ ತಟ್ಟೆಗಳಲ್ಲಿಟ್ಟು ಹೋಲಿಸಿ ನೋಡಿ.

5. ಬೆಳಕು: ಬಲ್ಬನ್ನು ನಂಬಬೇಡಿ

ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದ ಈ ಏರಿಳಿತ ವೇಗದ ಶಟರ್‌ನಲ್ಲಿ ಪಟ್ಟೆಗಳಾಗಿ ಬೀಳುತ್ತದೆ. ನಿಶ್ಚಲ ವಸ್ತುವಾದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ಬೀಳುವ ಹನಿಗೆ ಅದು ಸಾಲದು. ಅಲ್ಲಿ ಚಲನೆಯನ್ನು ಹಿಡಿಯುವುದು ಶಟರ್ ಅಲ್ಲ, ಫ್ಲಾಶ್. ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್‌ಟನ್ 1957ರಲ್ಲಿ ಹಾಲಿನ ಹನಿಯ ಕಿರೀಟವನ್ನು ಬಣ್ಣದಲ್ಲಿ ಹಿಡಿದದ್ದು ಕ್ಷಣಾರ್ಧಕ್ಕಿಂತ ಎಷ್ಟೋ ಕಿರಿದಾದ ಇಂಥ ಬೆಳಕಿನಿಂದ. ಇವತ್ತಿನ ಸಾಧಾರಣ ಫ್ಲಾಶ್‌ನ ಪವರ್ 1/32ಕ್ಕೆ ಇಳಿಸಿದರೆ ಅದು ಬೆಳಗುವುದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಪವರ್ ಹೆಚ್ಚಿಸಿದರೆ ಹನಿ ಮಸುಕಾಗುತ್ತದೆ. ಬೆಳಕು ಸಾಲದಿದ್ದರೆ ಫ್ಲಾಶನ್ನೇ ಹತ್ತಿರ ತನ್ನಿ.

ಸೋಪಿನ ಪೊರೆಗೆ ಬೇಕಾದದ್ದು ಬೇರೆಯೇ ಬೆಳಕು. ಅದರ ಬಣ್ಣ ಹುಟ್ಟುವುದು ಪೊರೆಯ ಎರಡು ಮುಖಗಳಿಂದ ಮರಳುವ ಬೆಳಕು ಒಂದನ್ನೊಂದು ಕೂಡಿ ಕಳೆಯುವುದರಿಂದ. ಮರಳುವ ಬೆಳಕೇ ಇಲ್ಲದಿದ್ದರೆ ಬಣ್ಣವೂ ಇಲ್ಲ. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಅದು ಪೊರೆಯಲ್ಲಿ ಪ್ರತಿಫಲಿಸುವ ಕೋನ ಹುಡುಕಿ, ಹಿಂದೆ ಕಪ್ಪು ಬಟ್ಟೆ ಇಡಿ. ತಂತಿಯ ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ನೆಟ್ಟಗೆ ನಿಲ್ಲಿಸಿದರೆ ದ್ರವ ಇಳಿದು ಮೇಲುಭಾಗ ತೆಳುವಾಗುತ್ತದೆ. ಕೊನೆಗೆ ತುದಿ ಕಪ್ಪಾದರೆ ಪೊರೆ ಒಡೆಯುವ ಹೊತ್ತು ಹತ್ತಿರ ಬಂತು ಎಂದರ್ಥ. ಮೆಡಿಕಲ್ ಸ್ಟೋರಿನ ಗ್ಲಿಸರಿನ್ ಸ್ವಲ್ಪ ಬೆರೆಸಿದರೆ ಇನ್ನಷ್ಟು ಹೊತ್ತು ನಿಲ್ಲುತ್ತದೆ.

6. ಬೆರಳ ಮೇಲಿನ ಶಾಯಿ

ಬನ್ನಿಮಂಟಪ ನಮಗೆ ದೂರವಲ್ಲ. ಅಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯನ್ನು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದರು; 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುತ್ತಿರುವುದು ಅಲ್ಲೇ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ತಾಗಿದಂತೆ ಕಪ್ಪಾಗುತ್ತದೆ. ಹಳೆಯ ಫಿಲ್ಮ್ ರೋಲಿನಲ್ಲಿ ಚಿತ್ರ ಮೂಡಿಸುತ್ತಿದ್ದುದೂ ಬೆಳ್ಳಿಯ ಲವಣಗಳೇ. ಒಂದು ದ್ರವ ಬೆಳಕಿನಿಂದ ಬಣ್ಣ ಪಡೆಯುವುದನ್ನು ಇಷ್ಟು ಸುಲಭವಾಗಿ ಬೇರೆಲ್ಲೂ ನೋಡಲಾರಿರಿ. ಮತ ಹಾಕಿ ಮನೆಗೆ ಬಂದೊಡನೆ ಎಡಗೈ ತೋರುಬೆರಳಿನ ಮೊದಲ ಚಿತ್ರ ತೆಗೆಯಿರಿ. ಸಂಜೆ ಒಂದು, ಮರುದಿನ ಒಂದು. ಚರ್ಮದ ಗೆರೆಗಳಲ್ಲಿ ಶಾಯಿ ಇಳಿದಿರುವ ರೀತಿ, ಉಗುರಿನ ಬುಡದಲ್ಲಿ ಅದು ಗಟ್ಟಿಯಾಗಿ ನಿಂತ ರೀತಿ ಮ್ಯಾಕ್ರೋದಲ್ಲಿ ಬೇರೆಯೇ ಲೋಕ. ಬೆಳಕು, ಕೋನ, ವೈಟ್ ಬ್ಯಾಲೆನ್ಸ್ ಪ್ರತಿ ಸಲವೂ ಒಂದೇ ಇರಲಿ. ಇಲ್ಲದಿದ್ದರೆ ಬದಲಾದದ್ದು ಶಾಯಿಯೋ ಕ್ಯಾಮೆರಾವೋ ತಿಳಿಯುವುದಿಲ್ಲ.

7. ಖರ್ಚಿನ ಕ್ರಮ

ಫೋನಿನವರಿಗೆ ಕ್ಲಿಪ್ ಲೆನ್ಸ್ ಸಾಕು. ಕ್ಯಾಮೆರಾ ಇದ್ದರೆ ಇರುವ ಲೆನ್ಸನ್ನೇ ರಿವರ್ಸ್ ರಿಂಗ್‌ನಿಂದ ತಿರುಗಿಸಿ ಹಾಕಬಹುದು. ಫೋಕಲ್ ಲೆಂತ್ ಕಡಿಮೆಯಾದಷ್ಟೂ ವರ್ಧನೆ ಹೆಚ್ಚು. ಆಟೊಫೋಕಸ್ ಹೋಗುತ್ತದೆ, ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಬೇಕು. ಅದಕ್ಕೇ ಮೊದಲ ದುಡ್ಡು ಗಟ್ಟಿಯಾದ ಟ್ರೈಪಾಡಿಗೆ ಹೋಗಲಿ, ಎರಡನೆಯದು ಫ್ಲಾಶಿಗೆ. ಮ್ಯಾಕ್ರೋ ಲೆನ್ಸ್ ಆಮೇಲೆ.