ಖೋತಾ ಯಾರ ತಲೆಗೆ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬಜೆಟ್ಟಿನ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರು ಕೇಳಿಕೊಂಡಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ನಾನು ಮೈಸೂರಿನಲ್ಲಿ ಖಜಾನೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮಗಳ ಮನೆಗೆಂದು ಮಿಸ್ಸಿಸಾಗಕ್ಕೆ ಬಂದಿದ್ದೇನೆ. ಇಲ್ಲಿನ 2025ರ ಬಜೆಟ್ಟಿನಲ್ಲಿ 14.6 ಬಿಲಿಯನ್ ಡಾಲರ್ ಖೋತಾ ಎಂದು ಓದಿ ಗಾಬರಿಯಾಯಿತು. ಅಳಿಯಂದಿರು "ಅದಕ್ಕೇನು ಮಾವ, ಸಾಲ ತರ್ತಾರೆ" ಎಂದು ನಕ್ಕುಬಿಟ್ಟರು. ನಮ್ಮಲ್ಲಿ ದಿಲ್ಲಿ ಒಪ್ಪದೆ ರಾಜ್ಯ ಸಾಲ ಎತ್ತುವ ಹಾಗಿಲ್ಲ. ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೆ?
— ನಿವೃತ್ತ ನೌಕರ, ಮಿಸ್ಸಿಸಾಗ

ಹಿರಿಯರೆ, ನಿಮ್ಮ ಅಳಿಯಂದಿರ ಮಾತು ಕಾನೂನಿನ ಮಟ್ಟಿಗೆ ಸರಿ. ಕೇಂದ್ರಕ್ಕೆ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು ಎಂದು ನಮ್ಮ ಸಂವಿಧಾನದ 293ನೇ ವಿಧಿ ಹೇಳುತ್ತದೆ. ಅದು ಸಾಲದೆಂಬಂತೆ ಕರ್ನಾಟಕ 2002ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. ಕೆನಡಾದ 1867ರ ಸಂವಿಧಾನ ಕಾಯ್ದೆ ಹಾಗಲ್ಲ. ತನ್ನ ಸ್ವಂತ ಹೆಸರಿನ ಮೇಲೆ ಸಾಲ ಎತ್ತುವ ಅಧಿಕಾರವನ್ನು ಅದರ 92ನೇ ವಿಧಿ ಪ್ರಾಂತ್ಯಕ್ಕೇ ಕೊಟ್ಟಿದೆ. ರಾಜಧಾನಿ ಒಟ್ಟಾವಾಕ್ಕೆ ಹೋಗಿ ಕೇಂದ್ರದ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ.

ಕೇಳುವವರು ಇಲ್ಲ ಎಂದಲ್ಲ, ಬಾಂಡ್ ಕೊಳ್ಳುವವರು ಕೇಳುತ್ತಾರೆ. 1991ರ ಹಿಂಜರಿತದಲ್ಲಿ ಒಂಟಾರಿಯೊ ತನ್ನ ಅತ್ಯುನ್ನತ ದರ್ಜೆಯ ರೇಟಿಂಗ್ ಕಳೆದುಕೊಂಡಿತು. 1936ರಲ್ಲಿ ಆಲ್ಬರ್ಟಾ ಬಾಂಡುಗಳ ಅಸಲನ್ನೇ ಹಿಂದಿರುಗಿಸಲಾಗದೆ ಕೈಚೆಲ್ಲಿತು. ಮತ್ತಾವ ಪ್ರಾಂತ್ಯವೂ ಅಲ್ಲಿಗೆ ತಲುಪಿಲ್ಲ. 2025ರ ಬಜೆಟ್ಟಿನ ಪ್ರಕಾರ ಒಂಟಾರಿಯೊ ಆ ವರ್ಷ ಬಡ್ಡಿಗೇ 16 ಬಿಲಿಯನ್ ಡಾಲರ್‌ನಷ್ಟು ಕಟ್ಟಬೇಕಿತ್ತು. ಅಂದರೆ ಖರ್ಚಿನ ಪ್ರತಿ ನೂರು ಡಾಲರ್‌ನಲ್ಲಿ ಸುಮಾರು ಏಳು.

ಖೋತಾ ಎಂಬ ಅಂಕಿಯನ್ನು ನೋಡಿದ ಕೂಡಲೇ ಎದೆ ಹಿಡಿದುಕೊಳ್ಳಬೇಡಿ ಎಂದೂ ಹೇಳಬೇಕು. ಕೋವಿಡ್ ವರ್ಷ 2020-21ಕ್ಕೆ 38.5 ಬಿಲಿಯನ್ ಖೋತಾ ಎಂದು ಅಂದಾಜು ಮಾಡಿದ್ದರು, ಲೆಕ್ಕ ಮುಗಿದಾಗ ಉಳಿದದ್ದು 16.4. ಮುಂದಿನ ವರ್ಷ ಉಳಿತಾಯವೇ ಆಯಿತು. ನೀವು ಓದಿದ 14.6 ಕೂಡ ನವೆಂಬರ್ 2025ರ ಹೊತ್ತಿಗೆ 13.5ಕ್ಕೆ ಇಳಿದಿತ್ತು. ಮೊದಲು ಕತ್ತಲೆ ತೋರಿಸಿ ಆಮೇಲೆ ದೀಪ ಹಚ್ಚಿದರೆ ಹಣಕಾಸು ಸಚಿವರಿಗೆ ಒಳ್ಳೆಯ ಹೆಸರು ಬರುತ್ತದೆ. ಖಜಾನೆಯಲ್ಲಿದ್ದ ನಿಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ನಾನು ನೋಡುವುದು ಬೇರೆಯದನ್ನು. ಹಿಂಜರಿತದಲ್ಲಿ ತೆರಿಗೆ ಕುಸಿಯುತ್ತದೆ, ನೆರವು ಕೇಳುವವರು ಹೆಚ್ಚುತ್ತಾರೆ. ನಡುವೆ ಬೀಳುವ ಕಂದಕವನ್ನು ಯಾರಾದರೂ ತುಂಬಲೇಬೇಕು. ಸರ್ಕಾರ ಅದನ್ನು ತುಂಬಿತು ಎಂದರೆ ಬಹುಮಟ್ಟಿಗೆ ಬೇರೊಬ್ಬರ ಲೆಕ್ಕಕ್ಕೆ ದಾಟಿಸಿತು ಎಂದೇ ಅರ್ಥ. ಯಾರ ಲೆಕ್ಕಕ್ಕೆ ಎಂಬುದು ಬಜೆಟ್ ಭಾಷಣದಲ್ಲಿ ಇರುವುದಿಲ್ಲ. ಉಳಿದ ಪತ್ರಗಳೆಲ್ಲ ಅದನ್ನೇ ಕೇಳುತ್ತಿವೆ.

ನಾನು ಬ್ರಾಂಪ್ಟನ್ನಿನಲ್ಲಿ ನರ್ಸ್. ಊರು ಕಾಸರಗೋಡು. ನನ್ನ ಅಣ್ಣ ಅಲ್ಲಿ ಸರ್ಕಾರಿ ಶಾಲೆಯ ಮಾಸ್ಟ್ರು. 2020ರಲ್ಲಿ ಅವನ ಸಂಬಳದಲ್ಲಿ ತಿಂಗಳಿಗೆ ಆರು ದಿನದ್ದನ್ನು ಹಿಡಿದುಕೊಂಡಿದ್ದರು. ನಮ್ಮ ವಾರ್ಡಿನ ಹಿರಿಯ ನರ್ಸುಗಳು ಬಜೆಟ್ ಸುದ್ದಿ ಬಂದಾಗಲೆಲ್ಲ "ಮತ್ತೆ ರೇ ಡೇಸ್ ಬರುತ್ತೆ ನೋಡು" ಅನ್ನುತ್ತಾರೆ. ಏನದು? ನಮಗೂ ಬರಬಹುದೇ?
— ಬ್ರಾಂಪ್ಟನ್ನಿನ ಸಹೋದರಿ

ಈ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ ತಂಗಿ. ಒಂಟಾರಿಯೊದ ಇಂದಿನ ರಾಜಕೀಯ ಇನ್ನೂ ಅದರ ನೆರಳಲ್ಲೇ ಇದೆ.

ಸೆಪ್ಟೆಂಬರ್ 1990ರ ಚುನಾವಣೆಯಲ್ಲಿ ಬಾಬ್ ರೇ ನಾಯಕತ್ವದ ಎನ್‌ಡಿಪಿ ಇಲ್ಲಿ ಮೊದಲ ಬಾರಿಗೆ ಗೆದ್ದಿತು. ಕಾರ್ಮಿಕ ಸಂಘಟನೆಗಳು ಬೆವರು ಸುರಿಸಿ ಗೆಲ್ಲಿಸಿದ ಪಕ್ಷ ಅದು. ಗೆದ್ದ ಗಳಿಗೆ ಮಾತ್ರ ಕೆಟ್ಟದು: ಹಿಂಜರಿತ ಶುರುವಾಗಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹಣಕಾಸು ಸಚಿವ ಫ್ಲಾಯ್ಡ್ ಲಾರೆನ್ 1991ರಲ್ಲಿ 9.7 ಬಿಲಿಯನ್ ಖೋತಾದ ಬಜೆಟ್ ಮಂಡಿಸಿದರು. ಖೋತಾದ ಜೊತೆಗಲ್ಲ, ಹಿಂಜರಿತದ ಜೊತೆ ಹೋರಾಡುತ್ತೇವೆ ಎಂಬುದು ಅವರ ನಿಲುವಾಗಿತ್ತು. ಪಠ್ಯಪುಸ್ತಕದ ಪ್ರಕಾರ ಸರಿಯಾದ ನಿಲುವೇ. ಆದರೆ ಹಿಂಜರಿತ ಹೋಗಲಿಲ್ಲ, ಮರುವರ್ಷದ ಖೋತಾ 12 ಬಿಲಿಯನ್ ದಾಟಿತು, ಬಾಂಡ್ ಪೇಟೆಯ ಮುಖ ಗಂಟಿಕ್ಕಿತು.

1993ರಲ್ಲಿ ಸರ್ಕಾರ ತಿರುಗಿ ನಿಂತಿತು. ತೆರಿಗೆ ಏರಿಸಿತು, ಖರ್ಚು ಕಡಿಯಿತು, ಅದರ ಮೇಲೆ ಸರ್ಕಾರಿ ವಲಯದ ಸಂಬಳದಿಂದ 2 ಬಿಲಿಯನ್ ಉಳಿಸಲು ಸೋಷಿಯಲ್ ಕಾಂಟ್ರಾಕ್ಟ್ ಕಾಯ್ದೆ ತಂದಿತು. ಜನರನ್ನು ಕೆಲಸದಿಂದ ತೆಗೆಯುವ ಬದಲು ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ತೆಗೆಯೋಣ ಎಂಬುದು ಯೋಚನೆ. ಸಂಘಗಳು ಒಪ್ಪಂದಕ್ಕೆ ಬರದ ಕಡೆ ವರ್ಷಕ್ಕೆ 12 ದಿನದವರೆಗೆ ಸಂಬಳವಿಲ್ಲದ ರಜೆ ಹೇರಬಹುದಿತ್ತು. ವರ್ಷಕ್ಕೆ 30,000 ಡಾಲರ್‌ಗಿಂತ ಕಡಿಮೆ ದುಡಿಯುವವರನ್ನು ಮುಟ್ಟಲಿಲ್ಲ. ನರ್ಸ್, ಟೀಚರ್, ಗುಮಾಸ್ತ ಮೊದಲಾದವರಿಗೆ ಬಂದ ಆ ರಜೆಗಳೇ ರೇ ಡೇಸ್.

ನನ್ನ ಅಭಿಪ್ರಾಯದಲ್ಲಿ ಕೆಲಸ ಕಳೆಯುವುದಕ್ಕಿಂತ ಅದು ಮಾನವೀಯವಾದ ದಾರಿಯೇ ಆಗಿತ್ತು. ಕೆಟ್ಟದ್ದು ಮಾಡಿದ ರೀತಿ. ಸಹಿ ಹಾಕಿದ ವೇತನ ಒಪ್ಪಂದಗಳನ್ನು ಕಾನೂನಿನಿಂದ ಬಿಚ್ಚಿದರು, ಅದೂ ಕಾರ್ಮಿಕರ ಪಕ್ಷವೇ. ಸಂಘಟನೆಗಳು ಅದನ್ನು ಮರೆಯಲಿಲ್ಲ. 1990ರಲ್ಲಿ 74 ಸ್ಥಾನ ಗೆದ್ದಿದ್ದ ಪಕ್ಷಕ್ಕೆ 1995ರ ಜೂನ್‌ನಲ್ಲಿ ಸಿಕ್ಕಿದ್ದು 17. ಆ ಬಳಿಕ ಎನ್‌ಡಿಪಿ ಇಲ್ಲಿ ಅಧಿಕಾರದ ಮುಖ ನೋಡಿಲ್ಲ.

ಅದೇ ಹೆಸರಿನಲ್ಲಿ ಮತ್ತೆ ಬರುವುದು ಕಷ್ಟ. ಯಾವ ಪಕ್ಷಕ್ಕೂ ಆ ಧೈರ್ಯವಿಲ್ಲ. ಬೇರೆ ವೇಷದಲ್ಲಿ ಬಂದೂ ಹೋಗಿದೆ, ನಿಮಗೇ ಅನುಭವವಾಗಿರಬೇಕು. 2019ರ ಬಿಲ್ 124 ಸರ್ಕಾರಿ ವಲಯದ ಸಂಬಳ ಏರಿಕೆಯನ್ನು ಮೂರು ವರ್ಷ ಕಾಲ ವರ್ಷಕ್ಕೆ ಶೇ. 1ಕ್ಕೆ ಕಟ್ಟಿಹಾಕಿತು. ಅಷ್ಟರಲ್ಲಿ ಕೋವಿಡ್ ಬಂತು, ಬೆಲೆಗಳು ಹಾರಿದವು, ವಾರ್ಡುಗಳಿಂದ ನರ್ಸುಗಳು ಖಾಲಿಯಾದರು. ನವೆಂಬರ್ 2022ರಲ್ಲಿ ನ್ಯಾಯಾಲಯ ಆ ಕಾಯ್ದೆಯನ್ನು ಹೊಡೆದುಹಾಕಿತು, ಫೆಬ್ರವರಿ 2024ರಲ್ಲಿ ಮೇಲ್ಮನವಿಯಲ್ಲೂ ಸರ್ಕಾರ ಸೋತು ಕಾಯ್ದೆ ಹಿಂಪಡೆಯಿತು. ಹಿಂಬಾಕಿಯಾಗಿ ಬಿಲಿಯನ್‌ಗಟ್ಟಲೆ ಕೊಡಬೇಕಾಯಿತು. ಉಳಿಸಿದ ದುಡ್ಡು ಹೋಯಿತು, ಬಿಟ್ಟುಹೋದ ನರ್ಸುಗಳು ಮಾತ್ರ ಹಿಂಬಾಕಿಯ ಜೊತೆ ತಿರುಗಿ ಬರಲಿಲ್ಲ.

ನಿಮ್ಮ ಅಣ್ಣನವರದು ಇನ್ನೊಂದು ಬಗೆ. ಕೇರಳ ಏಪ್ರಿಲ್ 2020ರಿಂದ ಐದು ತಿಂಗಳು ಹಿಡಿದದ್ದು ಕಡಿತವಲ್ಲ, ಮುಂದೂಡಿಕೆ. ಹೈಕೋರ್ಟ್ ತಡೆ ಕೊಟ್ಟಾಗ ಸುಗ್ರೀವಾಜ್ಞೆ ತಂದರು, ಮುಂದೆ ಹಿಂದಿರುಗಿಸಿದರು. ಮಾಸ್ಟ್ರು ಸರ್ಕಾರಕ್ಕೆ ಕೈಸಾಲ ಕೊಟ್ಟಂತಾಯಿತು ಅನ್ನಿ. ಕಾಂಟ್ರಾಕ್ಟ್ ಮಾತುಕತೆಯ ವರ್ಷದಲ್ಲಿ ನಿಮ್ಮ ಸಂಘದ ಸಭೆಗೆ ತಪ್ಪದೆ ಹೋಗಿ.

ಜಿಎಸ್‌ಟಿ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಅನ್ಯಾಯ ಎಂದು ಅಲ್ಲಿ ಕೂಗು. ಇಲ್ಲಿಗೆ ಬಂದರೆ ಒಂಟಾರಿಯೊದ ತೆರಿಗೆ ಕ್ವಿಬೆಕ್ಕಿಗೆ ಹೋಗುತ್ತದೆ ಎಂದು ಕೂಗು. ಕಷ್ಟ ಬಂದಾಗ ಒಂಟಾರಿಯೊಗೆ ಯಾರು ಕೊಡುತ್ತಾರೆ?
— ಐಟಿ ಉದ್ಯೋಗಿ, ಮಾರ್ಕಂ

ಕ್ವಿಬೆಕ್ಕಿಗೆ ಹೋಗುವ ಅದೇ ಡಬ್ಬಿಯಿಂದ ಒಂಟಾರಿಯೊಗೂ ಬಂದಿದೆ ಎಂದರೆ ಆಶ್ಚರ್ಯಪಡುತ್ತೀರಿ. ಆದಾಯ ಕಡಿಮೆ ಬೀಳುವ ಪ್ರಾಂತ್ಯಗಳಿಗೆ ಒಟ್ಟಾವಾ ಕೊಡುವ ಈಕ್ವಲೈಸೇಶನ್ ಎಂಬ ಸಮೀಕರಣ ನಿಧಿ 1957ರಿಂದ ಇದೆ. 2008ರ ಕುಸಿತದಲ್ಲಿ ಇಲ್ಲಿನ ಕಾರು ಉದ್ಯಮ ಮುಗ್ಗರಿಸಿದಾಗ 2009-10ರಲ್ಲಿ ಒಂಟಾರಿಯೊ ಮೊದಲ ಬಾರಿ ಅದರಿಂದ 347 ಮಿಲಿಯನ್ ಡಾಲರ್ ಪಡೆಯಿತು. ಅದೇ ವರ್ಷ ಖೋತಾ 19.3 ಬಿಲಿಯನ್, ಆದ್ದರಿಂದ ಅದು ಸಮುದ್ರಕ್ಕೆ ಸುರಿದ ತಂಬಿಗೆ ನೀರು. ನಡುವೆ ಕೆಲವು ವರ್ಷ ನಿಂತಿತ್ತು, 2023-24ರಿಂದ ಮತ್ತೆ ಬರುತ್ತಿದೆ.

ಒಟ್ಟಾವಾ ದೊಡ್ಡ ಮೊತ್ತ ಕೊಟ್ಟದ್ದು ಇನ್ನೊಂದು ಬಾಗಿಲಿನಿಂದ. ಪ್ರಾಂತ್ಯದ ಮಾರಾಟ ತೆರಿಗೆಯನ್ನು ಜಿಎಸ್‌ಟಿಯ ಜೊತೆ ಬೆಸೆದರೆ 4.3 ಬಿಲಿಯನ್ ಎಂದಿತು. ಜುಲೈ 1, 2010ರಿಂದ ಶೇ. 13ರ ಎಚ್‌ಎಸ್‌ಟಿ ಬಂದದ್ದು ಹಾಗೆ. ಮೊದಲು ಪ್ರಾಂತ್ಯದ ತೆರಿಗೆ ಇಲ್ಲದಿದ್ದ ಎಷ್ಟೋ ಸೇವೆಗಳ ಮೇಲೆ, ಕ್ಷೌರದಂಗಡಿಯಿಂದ ಮನೆ ಬಿಸಿಮಾಡುವ ಗ್ಯಾಸಿನವರೆಗೆ, ಶೇ. 8 ಹೆಚ್ಚಿಗೆ ಬಿತ್ತು. ಕರ್ನಾಟಕದ ಕೂಗಿಗೆ ಮಾತ್ರ ಆಧಾರವಿದೆ: 14ನೇ ಹಣಕಾಸು ಆಯೋಗ ಕೊಟ್ಟಿದ್ದ ಶೇ. 4.713ರ ಪಾಲು 15ನೆಯದರಲ್ಲಿ 3.647ಕ್ಕೆ ಇಳಿಯಿತು. ಅದು ಜಿಎಸ್‌ಟಿ ಒಂದರದಲ್ಲ, ಕೇಂದ್ರ ಹಂಚುವ ಒಟ್ಟು ತೆರಿಗೆಯದು.

ನನ್ನ ಅಕ್ಕ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. 2009ರಲ್ಲಿ ಅವರ ಸರ್ಕಾರ ದುಡ್ಡಿನ ಬದಲು ಚೀಟಿ ಕೊಟ್ಟಿತಂತೆ. ತಮಾಷೆಯೇ?
— ಓಕ್‌ವಿಲ್

ತಮಾಷೆಯಲ್ಲ. ಅಮೆರಿಕದ ರಾಜ್ಯಗಳಲ್ಲಿ ವರ್ಮಾಂಟ್ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಆಯವ್ಯಯ ಸರಿದೂಗಿಸುವ ಕಟ್ಟುಪಾಡು ಒಂದಲ್ಲ ಒಂದು ರೂಪದಲ್ಲಿ ಇದೆ. ದಿನದ ಖರ್ಚಿಗೆ ಅವು ಒಂಟಾರಿಯೊದಂತೆ ಸಾಲ ಎತ್ತಿ ಕೂರುವಂತಿಲ್ಲ. ಜುಲೈ 2009ರಲ್ಲಿ ಕ್ಯಾಲಿಫೋರ್ನಿಯಾ ಗುತ್ತಿಗೆದಾರರಿಗೆ, ತೆರಿಗೆ ವಾಪಸು ಬರಬೇಕಾದವರಿಗೆ ಶೇ. 3.75 ಬಡ್ಡಿಯ ಐಓಯು ಚೀಟಿ ಬರೆದುಕೊಟ್ಟಿತು. ನೌಕರರಿಗೆ ತಿಂಗಳಿಗೆ ಮೂರು ದಿನ ಸಂಬಳವಿಲ್ಲದ ರಜೆ ಹಾಕಿತು. ರೇ ಡೇಸ್ ಅಲ್ಲಿಗೂ ಹೋಗಿತ್ತು ಅನ್ನಬಹುದು.

2025ರ ಆರಂಭದಲ್ಲಿ ಪ್ರಾಂತ್ಯ ತಲೆಗೆ 200 ಡಾಲರ್ ಚೆಕ್ ಕಳಿಸಿತು. ಟೊರೊಂಟೊ ನಗರ ಮಾತ್ರ ಮನೆ ತೆರಿಗೆಯನ್ನು 2024ರಲ್ಲಿ ಶೇ. 9.5, ಮರುವರ್ಷ ಶೇ. 6.9 ಏರಿಸಿತು. ಕೆಲಸಕ್ಕೆ ಹೋಗಲು 407 ಹೆದ್ದಾರಿಯಲ್ಲಿ ಟೋಲ್ ಬೇರೆ. ಒಬ್ಬರ ಹತ್ತಿರ ದುಡ್ಡಿದೆ, ಇನ್ನೊಬ್ಬರ ಹತ್ತಿರ ಇಲ್ಲವೇ? ನಾನು ಯಾರ ಮೇಲೆ ಸಿಟ್ಟಾಗಬೇಕು?
— ಸ್ಕಾರ್ಬರೊ

ನಿಮ್ಮ ಸಿಟ್ಟಿಗೆ ಮೂರು ವಿಳಾಸಗಳಿವೆ.

ಮೊದಲನೆಯದು ನಗರ, ಅದು ಖೋತಾ ತೋರಿಸುವಂತೆಯೇ ಇಲ್ಲ. ಕಟ್ಟಡ, ಸೇತುವೆಗಳಿಗೆ ಸಾಲ ತರಬಹುದು. ಬಸ್ ಓಡಿಸಲು, ಹಿಮ ತೆಗೆಯಲು ತರುವಂತಿಲ್ಲ. ದುಡ್ಡು ಸಾಲದಿದ್ದರೆ ಒಂದೋ ತೆರಿಗೆ ಏರಬೇಕು, ಇಲ್ಲ ಸೇವೆ ಇಳಿಯಬೇಕು. ಆದ್ದರಿಂದ ಪ್ರಾಂತ್ಯದ ಕೊರತೆಯನ್ನು ನಗರದ ತಲೆಗೆ ಕಟ್ಟಿದರೆ ಅದು ನೇರವಾಗಿ ನಿಮ್ಮ ಮನೆ ತೆರಿಗೆಯಾಗುತ್ತದೆ.

ಕಟ್ಟಿದ್ದೂ ಹಾಗೆಯೇ, ಎರಡನೆಯ ವಿಳಾಸ ಹಾಗೆ ಕಟ್ಟಿದವರದು. ಮೈಕ್ ಹ್ಯಾರಿಸ್ ಸರ್ಕಾರ 1995ರಲ್ಲಿ ಬಂದ ಕೆಲವೇ ತಿಂಗಳಲ್ಲಿ ವೆಲ್‌ಫೇರ್ ಮೊತ್ತವನ್ನು ಶೇ. 21.6 ಕಡಿಯಿತು, ಆದಾಯ ತೆರಿಗೆಯನ್ನೂ ಇಳಿಸುತ್ತ ಹೋಯಿತು. 1998ರಲ್ಲಿ ಶಾಲೆಗಳ ಖರ್ಚಿನ ಹೆಚ್ಚಿನ ಪಾಲನ್ನು ತಾನು ತೆಗೆದುಕೊಂಡು ಸಾಮಾಜಿಕ ವಸತಿ, ಆಂಬ್ಯುಲೆನ್ಸ್, ನಗರ ಸಾರಿಗೆಯ ಭಾರವನ್ನು ಪಾಲಿಕೆಗಳಿಗೆ ದಾಟಿಸಿತು. ಮರುವರ್ಷ 407ನ್ನು ಸುಮಾರು 3.1 ಬಿಲಿಯನ್‌ಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಗಮನಿಸಿ, ಆಗ ಹಿಂಜರಿತವೇ ಇರಲಿಲ್ಲ. ಎದುರಿಗೆ ಚುನಾವಣೆ ಇತ್ತು. ಒಂದು ವರ್ಷದ ಲೆಕ್ಕ ಚೆನ್ನಾಗಿ ಕಾಣಲೆಂದು ಮೂರು ತಲೆಮಾರಿನ ಟೋಲ್ ಬರೆದುಕೊಟ್ಟದ್ದು ಒಂಟಾರಿಯೊ ಮಾಡಿದ ಅತಿ ಕೆಟ್ಟ ವ್ಯಾಪಾರ ಎಂದು ನನ್ನ ಖಚಿತ ನಂಬಿಕೆ. ಜೂನ್ 2025ರಲ್ಲಿ ಟೋಲ್ ತೆಗೆದದ್ದು ಪಿಕರಿಂಗ್‌ನಿಂದ ಪೂರ್ವಕ್ಕಿರುವ, ಪ್ರಾಂತ್ಯದ ಕೈಯಲ್ಲೇ ಉಳಿದಿದ್ದ ತುಂಡಿಗೆ ಮಾತ್ರ.

ಮೂರನೆಯದು ಆ 200 ಡಾಲರ್ ಕಳಿಸಿದ ಸರ್ಕಾರ. ಒಟ್ಟು ಸುಮಾರು 3 ಬಿಲಿಯನ್ ಖರ್ಚಾದ ಆ ಚೆಕ್ಕುಗಳು ಫೆಬ್ರವರಿ 27ರ ಚುನಾವಣೆಗೆ ಮುಂಚೆ ಅಂಚೆಗೆ ಬೀಳತೊಡಗಿದವು. 2022ರಲ್ಲಿ ಕಾರಿನ ಪ್ಲೇಟ್ ಸ್ಟಿಕ್ಕರ್ ಶುಲ್ಕ ರದ್ದಾದದ್ದೂ ಚುನಾವಣೆಯ ವರ್ಷದಲ್ಲೇ. ಅದರಿಂದ ವರ್ಷಕ್ಕೆ ಸುಮಾರು 1 ಬಿಲಿಯನ್ ಆದಾಯ ಹೋಯಿತು. ಅಮೆರಿಕದ ಸುಂಕ ಬಂದು ಕಾರು, ಉಕ್ಕು ಎರಡೂ ನಲುಗಿದಾಗ ಕೈಯಲ್ಲಿ ಇರಬೇಕಿದ್ದ ದುಡ್ಡು ಇದು. ನ್ಯಾಯವಾಗಿ ಒಂದು ಒಳ್ಳೆಯ ಮಾತನ್ನೂ ಹೇಳಬೇಕು: ನವೆಂಬರ್ 2023ರ ಒಪ್ಪಂದದಲ್ಲಿ ಗಾರ್ಡಿನರ್ ಮತ್ತು ಡಾನ್ ವ್ಯಾಲಿ ಪಾರ್ಕ್‌ವೇ ಎಂಬ ನಗರದ ಎರಡೂ ಹೆದ್ದಾರಿಗಳನ್ನು ವಹಿಸಿಕೊಳ್ಳಲು ಪ್ರಾಂತ್ಯ ಒಪ್ಪಿ ನಗರದ ದೊಡ್ಡ ಹೊರೆಯೊಂದನ್ನು ಇಳಿಸಿತು. ಇಲ್ಲದಿದ್ದರೆ ನಿಮ್ಮ ತೆರಿಗೆ ಇನ್ನೂ ಏರುತ್ತಿತ್ತು.

ಟೊರೊಂಟೊ ಬಜೆಟ್ಟಿನ ಬಗ್ಗೆ ಸಾರ್ವಜನಿಕರ ಅಹವಾಲು ಕೇಳುವುದು ಜನವರಿಯಲ್ಲಿ. ಹೆಸರು ಕೊಟ್ಟರೆ ಕೆಲವು ನಿಮಿಷ ಮಾತಾಡಲು ಬಿಡುತ್ತಾರೆ. ಕೌನ್ಸಿಲರಿಗೆ ಬರೆದ ಪತ್ರದ ಒಂದು ಪ್ರತಿಯನ್ನು ಪ್ರಾಂತ್ಯದ ಶಾಸನಸಭೆಯಲ್ಲಿರುವ ನಿಮ್ಮ ಎಂಪಿಪಿಗೂ ಕಳಿಸಿ, ಕಳಿಸಿದ್ದೀರೆಂದು ಇಬ್ಬರಿಗೂ ಗೊತ್ತಾಗಲಿ. 407ರ ಬಗ್ಗೆ ಬರೆಯುವುದಿದ್ದರೆ ಗುತ್ತಿಗೆ ಮುಗಿಯುವುದು 2098ರಲ್ಲಿ.