ಮನೆಯ ಕಂಪ್ಯೂಟರಿಗೆ ಯಾವ ಬ್ರೌಸರು ಸೂಕ್ತ?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಅಡಿಕೆ ಬೆಳೆಗಾರರ ಮನೆಗಳಲ್ಲಿ ಈಗ ಕಂಪ್ಯೂಟರು ಇದೆ. ಮಕ್ಕಳ ಓದಿಗೆಂದು ತಂದ ಯಂತ್ರ ತೋಟದ ಕೆಲಸಕ್ಕೂ ಒದಗುತ್ತಿದೆ. ‘ಭೂಮಿ’ ತಾಣದಲ್ಲಿ ಪಹಣಿ ನೋಡುವುದು, ‘ಕೃಷಿ ಮಾರಾಟ ವಾಹಿನಿ’ಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿಗಳ ಧಾರಣೆ ತಿಳಿಯುವುದು, ‘ಸಂರಕ್ಷಣೆ’ ತಾಣದಲ್ಲಿ ಬೆಳೆ ವಿಮೆಯ ಅರ್ಜಿ ಏನಾಯಿತೆಂದು ನೋಡುವುದು, ಬ್ಯಾಂಕಿನ ಖಾತೆ ಪರಿಶೀಲಿಸುವುದು ಇವೆಲ್ಲವೂ ನಡೆಯುವುದು ಬ್ರೌಸರು ಎಂಬ ಒಂದೇ ಸಾಧನದ ಮೂಲಕ.

ಸಿಂಪರಣಾ ಯಂತ್ರ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ರೈತರು ಬ್ರೌಸರಿನ ವಿಷಯದಲ್ಲಿ ಕಂಪ್ಯೂಟರಿನ ಜೊತೆ ಬಂದದ್ದನ್ನೇ ಬಳಸುತ್ತ ಬರುವುದುಂಟು. ವಿಮೆಗೆ ಅರ್ಜಿ ಹಾಕುವ ಕೊನೆಯ ದಿನ ಪುಟ ತೆರೆಯದಿದ್ದರೆ, ಇಲ್ಲವೆ ನಕಲಿ ಪುಟದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಬರೆದುಬಿಟ್ಟರೆ, ಒಂದು ವರ್ಷದ ದುಡಿಮೆಗೇ ಪೆಟ್ಟು ಬೀಳಬಹುದು. ಆದ್ದರಿಂದ ಈ ಆಯ್ಕೆಯನ್ನು ತಿಳಿದು ಮಾಡುವುದು ಒಳ್ಳೆಯದು.

ತಳಿಗಳು ಹಲವು, ಬೇರು ಕೆಲವು

ಹಿಪ್ಪಲಿಗೆ ಕಸಿ ಕಟ್ಟಿದ ಕಾಳುಮೆಣಸಿನ ಬಳ್ಳಿ ತಮಗೆ ಗೊತ್ತಿದೆ. ಮೇಲೆ ಪಣಿಯೂರು ಇರಲಿ, ಕರಿಮುಂಡ ಇರಲಿ, ಬೇರು ಹಿಪ್ಪಲಿಯದೇ. ಬ್ರೌಸರುಗಳಲ್ಲೂ ಹೀಗೆಯೇ ಇದೆ. 2008ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಕ್ರೋಮ್, ಮೈಕ್ರೋಸಾಫ್ಟ್‌ನ ಎಡ್ಜ್, ಒಪೇರಾ, ಬ್ರೇವ್ ಇವೆಲ್ಲಕ್ಕೂ ‘ಕ್ರೋಮಿಯಂ’ ಎಂಬ ಒಂದೇ ಬೇರು. ಎಡ್ಜ್ ಈ ಬೇರಿಗೆ ಬಂದದ್ದು 2020ರ ಜನವರಿಯಲ್ಲಿ. ಲಾಭರಹಿತ ಸಂಸ್ಥೆಯಾದ ಮೊಜಿಲ್ಲಾ ಪ್ರತಿಷ್ಠಾನದ ಆಶ್ರಯದಲ್ಲಿ 2004ರಲ್ಲಿ ಬಂದ ಫೈರ್‌ಫಾಕ್ಸ್‌ನ ಬೇರು ಬೇರೆ. ಆ್ಯಪಲ್ ಕಂಪ್ಯೂಟರುಗಳಲ್ಲಿ ಬರುವ ಸಫಾರಿಯದು ಇನ್ನೊಂದು.

ಇದರಿಂದ ತಿಳಿಯಬೇಕಾದದ್ದು ಇಷ್ಟು: ಕ್ರೋಮ್‌ನಲ್ಲಿ ತೆರೆಯದ ಪುಟವನ್ನು ಎಡ್ಜ್‌ನಲ್ಲಿ ತೆರೆಯ ಹೊರಟರೆ ಹೆಚ್ಚಿನ ಪ್ರಯೋಜನವಾಗದಿರಬಹುದು. ಒಂದೇ ಬೇರಿನ ಎರಡು ಬ್ರೌಸರು ಇಟ್ಟುಕೊಳ್ಳುವ ಬದಲು ಬೇರೆ ಬೇರೆ ಬೇರಿನ ಎರಡನ್ನು, ಅಂದರೆ ಕ್ರೋಮ್ ಅಥವಾ ಎಡ್ಜ್‌ನ ಜೊತೆಗೆ ಫೈರ್‌ಫಾಕ್ಸನ್ನು ಇಟ್ಟುಕೊಳ್ಳುವುದು ಸೂಕ್ತ. ಇವುಗಳಿಗೆ ಹಣ ಕೊಡಬೇಕಾಗಿಲ್ಲ. ಆಯಾ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು.

ಯಂತ್ರದ ವಯಸ್ಸು ನೋಡಿ ಆಯ್ಕೆ

ಬ್ರೌಸರಿಗೆ ಕಾಲಕಾಲಕ್ಕೆ ಪರಿಷ್ಕರಣೆ, ಅಂದರೆ ಅಪ್‌ಡೇಟ್, ಸಿಗುತ್ತಿರಬೇಕು. ಕಳ್ಳರು ಕಂಡುಹಿಡಿದ ಕಿಂಡಿಗಳನ್ನು ಮುಚ್ಚುವುದು ಈ ಪರಿಷ್ಕರಣೆಯೇ. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸದ ತೋಟಕ್ಕೆ ಕೊಳೆರೋಗದ ಭಯ ಹೇಗೋ, ಪರಿಷ್ಕರಣೆ ನಿಂತ ಬ್ರೌಸರಿಗೆ ಮೋಸಗಾರರ ಭಯ ಹಾಗೆ.

1. ವಿಂಡೋಸ್ 7 ಅಥವಾ 8 ಇರುವ ಯಂತ್ರ: ಕ್ರೋಮ್ ಮತ್ತು ಎಡ್ಜ್ ಎರಡೂ 2023ರ ಜನವರಿಯ 109ನೆಯ ಆವೃತ್ತಿಗೆ ಇವುಗಳ ಕೈಬಿಟ್ಟಿವೆ. ಫೈರ್‌ಫಾಕ್ಸ್‌ನಲ್ಲಿ ಇವಕ್ಕೆ ದೊರೆತ ಕೊನೆಯದು 115ನೆಯ ದೀರ್ಘಾವಧಿ ಆವೃತ್ತಿ. ಇಂತಹ ಯಂತ್ರದಲ್ಲಿ ಧಾರಣೆ, ಹವಾಮಾನ ನೋಡಬಹುದು. ಬ್ಯಾಂಕಿನ ವ್ಯವಹಾರ ಬೇಡ. ಯಂತ್ರ ಗಟ್ಟಿಯಾಗಿದ್ದರೆ ತಿಳಿದವರಿಂದ ಲಿನಕ್ಸ್ ಹಾಕಿಸಿ ಹೊಸ ಫೈರ್‌ಫಾಕ್ಸ್ ಬಳಸುವುದು ಕಡಿಮೆ ಖರ್ಚಿನ ದಾರಿ.

2. ವಿಂಡೋಸ್ 10 ಇರುವ ಯಂತ್ರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಅದರಲ್ಲಿನ ಎಡ್ಜ್‌ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಪರಿಷ್ಕರಣೆ ಕೊಡುವುದಾಗಿ ಅದೇ ಸಂಸ್ಥೆ ತಿಳಿಸಿದೆ. ಸಾಧ್ಯವಾದರೆ ವಿಂಡೋಸ್ 11ಕ್ಕೆ ಬದಲಿಸಿಕೊಳ್ಳುವುದು ಮೇಲು.

3. ಇಂಟರ್‌ನೆಟ್ ಎಕ್ಸ್‌ಪ್ಲೋರರ್: ಇದು 2022ರ ಜೂನ್ 15ರಂದು ನಿವೃತ್ತಿಯಾಯಿತು. ಬಳಸಕೂಡದು. ಅದಕ್ಕೆಂದೇ ರಚಿಸಿದ ಹಳೆಯ ಪುಟವೇನಾದರೂ ಎದುರಾದರೆ ಎಡ್ಜ್‌ನೊಳಗೆ ಇರುವ ‘ಎಕ್ಸ್‌ಪ್ಲೋರರ್ ಮೋಡ್’ ಎಂಬ ವ್ಯವಸ್ಥೆಯಲ್ಲಿ ತೆರೆಯಬಹುದು.

ತಮ್ಮ ಮನೆಯಲ್ಲೇ ಪ್ರಯೋಗ

ಹೊಸ ತಳಿಯನ್ನು ಮೊದಲು ಸ್ವಲ್ಪ ಜಾಗದಲ್ಲಿ ಹಾಕಿ ನೋಡುವಂತೆ ಎರಡು ಬ್ರೌಸರುಗಳನ್ನೂ ಒಂದು ವಾರ ಬಳಸಿ ನೋಡಿರಿ. ತಮಗೆ ಬೇಕಾದ ಪುಟಗಳನ್ನೇ ತೆರೆಯಿರಿ: ಪಹಣಿ, ಧಾರಣೆ, ವಿಮೆ, ಬ್ಯಾಂಕು. ಈ ಕೆಳಗಿನವನ್ನು ಗಮನಿಸಿರಿ.

ವೇಗ: ಗುಡ್ಡದ ಮರೆಯ ಊರುಗಳಲ್ಲಿ ಸಂಪರ್ಕವೇ ನಿಧಾನ. ಯಂತ್ರದ ತೊಂದರೆಯೋ ಸಂಪರ್ಕದ್ದೋ ತಿಳಿಯಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಬರುವ ಪಟ್ಟಿಯಲ್ಲಿ ಮೆಮೊರಿಯ ಬಳಕೆ ನೋಡಿ. ಅದು ತುಂಬಿ ತುಳುಕುತ್ತಿದ್ದರೆ ತೆರೆದಿಟ್ಟ ಪುಟಗಳನ್ನು ಮುಚ್ಚಿ. 4 ಜಿ.ಬಿ. ಮೆಮೊರಿಯ ಯಂತ್ರದಲ್ಲಿ ಒಮ್ಮೆಗೆ ನಾಲ್ಕೈದು ಪುಟ ಸಾಕು. ಬಳಸದ ಪುಟಗಳನ್ನು ಮಲಗಿಸಿಡುವ ಸೌಲಭ್ಯ ಕ್ರೋಮ್, ಎಡ್ಜ್ ಎರಡರಲ್ಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿಡಿ.

ಮುದ್ರಣ: ಒಂದು ಪುಟವನ್ನು ಪಿ.ಡಿ.ಎಫ್. ಆಗಿ ಉಳಿಸಿ ನೋಡಿ. ಕರೆಂಟು, ಸಂಪರ್ಕ ಎರಡೂ ಹೋದ ದಿನ ಉಳಿಸಿಟ್ಟ ಪ್ರತಿಯೇ ಆಧಾರ.

ಕನ್ನಡ ಅಕ್ಷರ: ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರನ್ನೂ ಕನ್ನಡದಲ್ಲಿ ಬಳಸಬಹುದು, ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಬದಲಿಸಿರಿ. ಯಾವುದಾದರೂ ಹಳೆಯ ಪುಟದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಅದು ಬ್ರೌಸರಿನ ದೋಷವಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಲಿಪಿಯಲ್ಲಿ ಆ ಪುಟ ಸಿದ್ಧವಾಗಿರಬಹುದು. ಅಕ್ಷರ ಸಣ್ಣದೆನಿಸಿದರೆ ಕಂಟ್ರೋಲ್ ಒತ್ತಿಹಿಡಿದು ಅಧಿಕ ಚಿಹ್ನೆ ಒತ್ತಿರಿ.

ಅನುವಾದ: ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸುವ ಸೌಲಭ್ಯ ಕ್ರೋಮ್ ಮತ್ತು ಎಡ್ಜ್‌ನಲ್ಲಿದೆ. ಅಡಿಕೆಯ ಎಲೆಚುಕ್ಕೆ ರೋಗದಂತಹ ವಿಷಯ ಓದಲು ಇದು ಅನುಕೂಲ. ಆದರೆ ಔಷಧಿಯ ಹೆಸರು, ಲೀಟರಿಗೆ ಎಷ್ಟು ಗ್ರಾಂ ಎಂಬ ಅಳತೆಯನ್ನು ಮೂಲ ಪುಟದಲ್ಲಿ ನೋಡಿ, ಸಂಶೋಧನಾ ಕೇಂದ್ರದಲ್ಲಿ ವಿಚಾರಿಸದೆ ಸಿಂಪಡಿಸಬಾರದು.

ಯಾವ ಬ್ರೌಸರಾದರೂ ತಪ್ಪದ ಎಚ್ಚರ

ಹುಡುಕಿದಾಗ ಮೊದಲು ಬರುವ ಸಾಲು ಹಣ ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು. ವಿಳಾಸವನ್ನು ತಾವೇ ಬರೆದು ತೆರೆದು, ಆ ಪುಟವನ್ನು ಬುಕ್‌ಮಾರ್ಕ್ ಮಾಡಿಡುವುದು ಕ್ಷೇಮ. ಸರ್ಕಾರಿ ತಾಣಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯುಳ್ಳ ವಿಳಾಸಕ್ಕೆ ಬದಲಾಗಬೇಕಿತ್ತು. ಈ ಅಕ್ಷರಗಳು ವಿಳಾಸದ ನಡುವೆ ಎಲ್ಲೋ ಇದ್ದರೆ ಸಾಲದು. ತಾಣದ ಹೆಸರಿನ ಕೊನೆಯಲ್ಲೇ ಇರಬೇಕು. ಬೀಗದ ಗುರುತು ಇದ್ದ ಮಾತ್ರಕ್ಕೆ ಪುಟ ಅಸಲಿಯೆಂದು ನಂಬಬಾರದು.

‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಫೋನು ಮಾಡಿ’ ಎಂಬ ಫಲಕ ಎದ್ದರೆ ಫೋನು ಮಾಡದೆ ಬ್ರೌಸರನ್ನು ಮುಚ್ಚಿರಿ. ಸೂಚನೆ ಕಳಿಸಲೇ ಎಂದು ಅಪರಿಚಿತ ತಾಣ ಕೇಳಿದರೆ ಬೇಡವೆನ್ನಿ. ಪೇಟೆಯ ಸೈಬರ್ ಸೆಂಟರಿನಲ್ಲಿ ಅಥವಾ ಬೇರೆಯವರ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ. ಬೇರೆ ಕೆಲಸಕ್ಕೂ ಖಾಸಗಿ ಕಿಟಕಿಯನ್ನು ತೆರೆದುಕೊಳ್ಳಿ: ಕ್ರೋಮ್, ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ಹಣ ಕಳೆದುಕೊಂಡದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆ.

ಸಾರಾಂಶ

ಎಲ್ಲರಿಗೂ ಒಂದೇ ಬ್ರೌಸರು ಉತ್ತಮವೆಂದು ಹೇಳಲಾಗದು. ತಮ್ಮ ಯಂತ್ರದಲ್ಲಿ ಪರಿಷ್ಕರಣೆ ಸಿಗುತ್ತಿರುವ, ತಮ್ಮ ಕೆಲಸದ ಪುಟಗಳು ಸರಿಯಾಗಿ ತೆರೆಯುವ, ಕನ್ನಡ ಸುಲಭವಾಗಿ ಓದಲಾಗುವ ಬ್ರೌಸರೇ ತಮಗೆ ಉತ್ತಮ. ಬೇರೆ ಬೇರಿನ ಇನ್ನೊಂದನ್ನು ಜೊತೆಗೆ ಇಟ್ಟುಕೊಳ್ಳಿ. ವಿಮೆಯ ಅರ್ಜಿಗೆ ಕೊನೆಯ ದಿನದವರೆಗೆ ಕಾಯದೆ ವಾರ ಮುಂಚೆಯೇ ಪುಟ ತೆರೆದು ನೋಡಿದರೆ, ತೊಂದರೆ ಇದ್ದಲ್ಲಿ ಸರಿಪಡಿಸಿಕೊಳ್ಳಲು ಸಮಯ ಉಳಿಯುತ್ತದೆ.