43ರಲ್ಲಿ ಗೆದ್ದ ಬೋಪಣ್ಣ

"ವಯಸ್ಸಾತು, ಇನ್ನೇನು ಕಲಿಯೋದು?" ಅಂತ ನಾವು ಅಂತೀವಿ. ರೋಹನ್ ಬೋಪಣ್ಣ ಅವರ ಕತೆ ಓದೋಣ.

ಬೋಪಣ್ಣ ನಮ್ಮ ನಾಡಿನ ಕೊಡಗಿನವರು. ಹುಟ್ಟಿದ್ದು 1980ರಲ್ಲಿ. ಮನೆಯವರದು ಕಾಫಿ ತೋಟ. ಇವರ ಆಟ ಟೆನಿಸ್. ಅಂಗಳದ ನಡುವೆ ಬಲೆ ಕಟ್ಟಿರುತ್ತಾರೆ. ಬ್ಯಾಟಿನಿಂದ ಚೆಂಡನ್ನು ಬಲೆಯ ಆಚೆ ಹೊಡೆಯಬೇಕು. ಆ ಕಡೆ ಇಬ್ಬರು, ಈ ಕಡೆ ಇಬ್ಬರು ಆಡಿದರೆ ಅದು ಜೋಡಿ ಆಟ.

ಬೋಪಣ್ಣ ಅವರ ಮೊಣಕಾಲು ಸವೆದಿದ್ದವು. ನೋವು ಬಹಳ. 2021ರಲ್ಲಿ ಸೋಲಿನ ಮೇಲೆ ಸೋಲು. ಆಟ ಬಿಡುವ ವಿಚಾರ ಬಂತು. ಆದರೂ ಬಿಡಲಿಲ್ಲ. ಯೋಗ ಮಾಡಿ ಕಾಲಿಗೆ ಬಲ ತಂದುಕೊಂಡರು.

2024ರ ಜನವರಿ. ಆಸ್ಟ್ರೇಲಿಯಾ ದೇಶದಲ್ಲಿ ದೊಡ್ಡ ಪಂದ್ಯ. ಜೊತೆಗಾರ ಮ್ಯಾಥ್ಯೂ ಎಬ್ಡೆನ್. ಇಬ್ಬರೂ ಗೆದ್ದರು! ಗಂಡಸರ ಜೋಡಿ ಆಟದಲ್ಲಿ ಬೋಪಣ್ಣ ಅವರಿಗೆ ಇಂಥ ದೊಡ್ಡ ಗೆಲುವು ಅದೇ ಮೊದಲು. ಆಗ ವಯಸ್ಸು 43. ಜೋಡಿ ಆಟದಲ್ಲಿ ಜಗತ್ತಿಗೇ ಮೊದಲಿಗರಾದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಏರಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ. ಸರಕಾರ ಪದ್ಮಶ್ರೀ ಕೊಟ್ಟಿತು. 2025ರಲ್ಲಿ ಆಟ ಮುಗಿಸಿದರು.

ಅಕ್ಕಾ, ಹಗಲೆಲ್ಲ ಹೊಲದಾಗ ದುಡಿದು ರಾತ್ರಿ ಪಾಟಿ ಹಿಡಿದೀರಿ. ಬೆರಳು ನಡುಗಿದರ ನಡುಗಲಿ. ಬರೆಯೋದು ಬಿಡಬ್ಯಾಡ್ರಿ.

ಓದಿ ಬರೆಯಿರಿ: ಬೋಪಣ್ಣ, ಮೊಣಕಾಲು, ಗೆಲುವು.

ಉತ್ತರ ಹೇಳಿರಿ:
1. ಬೋಪಣ್ಣ ಯಾವ ಊರ ಕಡೆಯವರು?
2. ಕಾಲಿಗೆ ಬಲ ಬರಲು ಏನು ಮಾಡಿದರು?
3. ನೀವು ಬಿಡದೆ ಕಲಿತ ಕೆಲಸ ಯಾವುದು?